ಧರ್ಮಸ್ಥಳದ ನಡಿಗೆ: ಗ್ಯಾಸ್ ಡಬ್ಬಿಯ ಲೆಕ್ಕ ಇಲ್ಲಿಗೆ ಬಂತು

ಧರ್ಮಸ್ಥಳಕ್ಕೆ ನಡೆದುಹೋಗುವ ದಾರಿ ತೀರ್ಮಾನವಾಗಿದೆ. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಅಜ್ಜಂಪುರ, ತರೀಕೆರೆ. ಅಲ್ಲಿಂದ ಕೆಮ್ಮಣ್ಣುಗುಂಡಿ ಹತ್ತಿ ಚಿಕ್ಕಮಗಳೂರಿಗೆ ಇಳಿಯುವುದು. ಆಮೇಲೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಧರ್ಮಸ್ಥಳ. ಡಿಸೆಂಬರಿನಲ್ಲಿ ಹೊರಡುತ್ತೇವೆ. ನಾನು, ಭಾವ, ಇಬ್ಬರೇ.

ಶಿವರಾತ್ರಿಗೆ ಹೋಗುವ ಪಾದಯಾತ್ರಿಗಳಿಗೆ ದಾರಿಯಲ್ಲಿ ಊಟ, ಮಜ್ಜಿಗೆ ಕೊಡುವವರು ಸಿಗುತ್ತಾರೆ. ಡಿಸೆಂಬರಿನಲ್ಲಿ ಆ ಅನುಕೂಲ ಇಲ್ಲ. ಬಯಲುಸೀಮೆಯಲ್ಲಿ ಹನ್ನೊಂದರ ಮೇಲೆ ಬಿಸಿಲು ಚುರುಕು, ಹಾಗಾಗಿ ಬೆಳಿಗ್ಗೆ ಐದಕ್ಕೇ ನಡೆಯಬೇಕು. ಆಗ ಯಾವ ಹೋಟೆಲ್ಲೂ ತೆರೆದಿರುವುದಿಲ್ಲ. ಸಣ್ಣ ಹಳ್ಳಿಗಳಲ್ಲಿ ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಆದ್ದರಿಂದ ಒಲೆ ಬೇಕೇ ಬೇಕು.

ಭಾವ ಪೆಟ್ರೋಲ್ ಒಲೆ ಅಂದರು. ಪೆಟ್ರೋಲ್ ಎಲ್ಲೆಲ್ಲೂ ಸಿಗುತ್ತದೆ, ನಿಜ. ಆದರೆ ಬಾಟಲಿಗೆ ಹಾಕಿಕೊಡಿ ಅಂದರೆ ಎಷ್ಟೋ ಬಂಕ್‌ಗಳಲ್ಲಿ ಕೊಡುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಬೇರೆ ಇರುತ್ತದೆ, ಹಳೆಯ ಒಲೆಯ ರಬ್ಬರ್ ವಾಷರ್‌ಗೆ ಅದು ಒಳ್ಳೆಯದಲ್ಲ. ಸ್ಪಿರಿಟ್ ಒಲೆ ಹಗುರ, ಆದರೆ ಅಷ್ಟೇ ನೀರು ಕುದಿಸಲು ಗ್ಯಾಸಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಕ ಹೊರಬೇಕು. ಕೊನೆಗೆ ತಿರುಪಿನ ಬಾಯಿಯ 230 ಗ್ರಾಂ ಗ್ಯಾಸ್ ಡಬ್ಬಿಗೇ ಒಪ್ಪಿದೆವು. ಡಬ್ಬಿಯೊಳಗಿನ ಬ್ಯುಟೇನ್ ಗ್ಯಾಸ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಹಿಮಾಲಯಕ್ಕೆ ಹೋಗುವವರಿಗೆ ಅದು ದೊಡ್ಡ ತಲೆನೋವು. ನಮ್ಮ ಕಡೆ ಕೆಮ್ಮಣ್ಣುಗುಂಡಿಯ ಚಳಿಯೂ ಅಷ್ಟಕ್ಕೆ ಇಳಿಯುವುದಿಲ್ಲ.

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಳತೆ. ಕಾಗದದ ಲೆಕ್ಕ ಹೀಗಿದೆ: ಒಂದು ಲೀಟರ್ ನೀರು ಕುದಿಯಲು ಸುಮಾರು 300 ಕಿಲೋಜೌಲ್ ಶಾಖ ಬೇಕು. ಒಂದು ಗ್ರಾಂ ಗ್ಯಾಸ್ ಸುಮಾರು 45 ಕೊಡುತ್ತದೆ. ಅಂದರೆ 7 ಗ್ರಾಂ ಸಾಕು. ಆದರೆ ಪಾತ್ರೆಗೆ ತಾಗದೆ ಹೋಗುವ ಶಾಖವೇ ಅರ್ಧದಷ್ಟು. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿಯನ್ನು ಮೊದಲೂ ಆಮೇಲೂ ತೂಗಿದೆ. ಗಾಳಿ ಇಲ್ಲದ ಕಡೆ, ಮುಚ್ಚಳ ಹಾಕಿದಾಗ 15 ಗ್ರಾಂ. ಆಷಾಢದಲ್ಲಿ ಮಾಳಿಗೆ ಮೇಲೆ ಇಟ್ಟು ನೋಡಿದಾಗ 27! ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ ನೋಡಿ. ಮೂರು ಕಡೆ ತಗಡು ಮರೆ ಮಾಡಿದ ಮೇಲೆ 18ಕ್ಕೆ ಇಳಿಯಿತು. ನಾಲ್ಕೂ ಕಡೆ ಮುಚ್ಚಬಾರದು, ಡಬ್ಬಿಯೇ ಕಾಯ್ದು ಅಪಾಯವಾಗುತ್ತದೆ.

ಬೆಳಗಿನ ಅರ್ಧ ಲೀಟರ್ ಚಹಾಕ್ಕೆ 10 ಗ್ರಾಂ, ರಾತ್ರಿಯ ಅನ್ನ-ಬೇಳೆಗೆ 25. ತರೀಕೆರೆವರೆಗೆ ದಿನವೂ ಚಹಾ, ಹೋಟೆಲ್ ಇಲ್ಲದ ಊರುಗಳಲ್ಲಿ ಮಾತ್ರ ರಾತ್ರಿ ಅಡುಗೆ: ಒಟ್ಟು 110. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರವಲಕ್ಕಿ, ದಾವಣಗೆರೆ ಮಂಡಕ್ಕಿ. ಅದಕ್ಕೆ ಬೆಂಕಿಯೇ ಬೇಡ. ತರೀಕೆರೆಯಿಂದ ಚಿಕ್ಕಮಗಳೂರುವರೆಗಿನ ಗಿರಿ ಭಾಗಕ್ಕೆ 160 ಬೇಕು. ಚಿಕ್ಕಮಗಳೂರು ದಾಟಿದ ಮೇಲೆ 50 ಸಾಕು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಯಾರು! ಒಟ್ಟು 320. ಎರಡು ಡಬ್ಬಿ ಅಂದರೆ 460. ಎರಡನೆಯದು ಸಣ್ಣದು, 110 ಗ್ರಾಮಿನದು ಸಾಕು ಅಂತ ಭಾವನ ವಾದ. ಆಗ ಉಳಿಯುವುದು ಬರೀ 20 ಗ್ರಾಂ. ಗಿರಿ ಮೇಲೆ ಒಂದು ಸಂಜೆ ಗಾಳಿ ಎದ್ದರೆ ಅದು ಮುಗಿಯಿತು. ನಾನು ದೊಡ್ಡದಕ್ಕೇ ಹಟ ಹಿಡಿದೆ.

ಎರಡನೆಯದನ್ನು ಮೊದಲಿನಿಂದಲೇ ಹೊರುವುದು ಬೇಡ, ಡಬ್ಬಿಯ ತಗಡು ಸೇರಿ ಅದು 380 ಗ್ರಾಂ ತೂಗುತ್ತದೆ. ಪೋಸ್ಟಿನಲ್ಲಿ ಇಂಥದ್ದನ್ನು ಕಳಿಸುವ ಹಾಗಿಲ್ಲ. ರೈಲಿನಲ್ಲಿ ಒಯ್ದರೆ 1989ರ ರೈಲ್ವೆ ಕಾಯ್ದೆ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ಉಳಿದದ್ದು ಒಂದೇ ದಾರಿ: ನನ್ನ ತಮ್ಮ ಅದನ್ನು ಬೈಕಿನಲ್ಲಿ ಒಯ್ದು ತರೀಕೆರೆಯ ಚಿಕ್ಕಪ್ಪನ ಮನೆಯಲ್ಲಿ ಇಟ್ಟುಬರುವುದು. ಫೋನ್ ಮಾಡಿದಾಗ ಚಿಕ್ಕಪ್ಪ, "ಅದಕ್ಕೇನಪ್ಪಾ, ಅಡುಗೆಮನೇಲಿ ಇಡ್ತೀವಿ" ಅಂದರು. "ಬೇಡ ಚಿಕ್ಕಪ್ಪ, ಒಲೆಯಿಂದ ದೂರ, ಬಿಸಿಲು ಬೀಳದ ಕಡೆ ಇಡಿ, 50 ಡಿಗ್ರಿ ದಾಟಬಾರದು" ಅಂದೆ. ನಡುಮನೆಯ ಗೂಡಿನಲ್ಲಿ ಜಾಗ ಮಾಡಿದ್ದಾರೆ.

ದಾರಿಯಲ್ಲಿ ತಕ್ಕಡಿ ಇರುವುದಿಲ್ಲ. ಅದಕ್ಕೆ ತುಂಬಿದ ಡಬ್ಬಿ, ಖಾಲಿ ಡಬ್ಬಿ ಎರಡನ್ನೂ ಬಕೆಟ್ ನೀರಿನಲ್ಲಿ ತೇಲಿಸಿ, ನೀರು ನಿಂತ ಮಟ್ಟಕ್ಕೆ ಗೆರೆ ಹಾಕಿಕೊಂಡಿದ್ದೇನೆ. ತೇಲಿಸಿ ನೋಡಿದರೆ ಎಷ್ಟು ಉಳಿದಿದೆ ಅಂತ ಅಂದಾಜು ಸಿಗುತ್ತದೆ.

ಕಾಡಿನೊಳಗೆ ಒಲೆ ಹಚ್ಚುವುದಿಲ್ಲ. ಗಿರಿ ಮೇಲಿನ ಹುಲ್ಲುಗಾವಲು ಒಣಗಿದರೆ ಒಂದು ಕಿಡಿ ಸಾಕು, ಅದರ ನಡುವಿನ ಕಣಿವೆಗಳಲ್ಲಿ ಬೆಳೆಯುವ ಹಸಿರು ಶೋಲಾ ಕಾಡಿನ ಅಂಚೇ ಸುಟ್ಟುಹೋಗುತ್ತದೆ. ಉಳಿದುಕೊಳ್ಳುವ ಮನೆಯ ಅಂಗಳದಲ್ಲಿ, ಕೇಳಿಕೊಂಡು, ಮಾತ್ರ ಅಡುಗೆ. ಅರಣ್ಯ ಇಲಾಖೆಯ ಅನುಮತಿ ಇನ್ನೂ ಆಗಬೇಕು. ಅದು ಕೈಗೆ ಬಂದ ಮೇಲೆ ತಮ್ಮ ತರೀಕೆರೆಗೆ ಹೊರಡುತ್ತಾನೆ.