ಉಡುಪಿ ಜಿಲ್ಲೆಯಲ್ಲಿ ದೋಣಿ, ಅಳಿವೆ ಮತ್ತು ಮೀನೂಟ

ಉಡುಪಿ ಜಿಲ್ಲೆಗೆ ದೋಣಿ ವಿಹಾರಕ್ಕೆಂದು ಹೊರಡುವವರು ಕೋಣೆ ಕಾದಿರಿಸುವ ಮೊದಲು ಒಮ್ಮೆ ಪಂಚಾಂಗ ತೆರೆಯುವುದು ಒಳ್ಳೆಯದು. ಮುಹೂರ್ತಕ್ಕಾಗಿ ಅಲ್ಲ, ಅಮಾವಾಸ್ಯೆ ಹುಣ್ಣಿಮೆಗಳು ಯಾವಾಗ ಬರುತ್ತವೆ ಎಂದು ತಿಳಿಯಲು. ಆ ದಿನಗಳ ಆಸುಪಾಸಿನಲ್ಲಿ ಉಬ್ಬರದ ನೀರು ಹೆಚ್ಚು ಏರುತ್ತದೆ, ಇಳಿತದಲ್ಲಿ ಹೆಚ್ಚು ತಗ್ಗುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಕಯಾಕ್ ಎಷ್ಟು ಒಳಗೆ ನುಗ್ಗಬಹುದು, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಎಷ್ಟು ಕುಣಿಯುತ್ತದೆ ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ. ದೋಣಿಯವರಿಗೆ ಒಂದು ಫೋನ್ ಮಾಡಿ "ಆ ದಿನ ನೀರು ಎಷ್ಟು ಗಂಟೆಗೆ ತುಂಬುತ್ತದೆ?" ಎಂದು ಕೇಳಿದರೆ ಸಾಕು, ಥಟ್ಟನೆ ಹೇಳುತ್ತಾರೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಉಬ್ಬರದ ಹೊತ್ತು 50 ನಿಮಿಷದಷ್ಟು ಮುಂದಕ್ಕೆ ಜಾರುತ್ತದೆ. ಇಷ್ಟು ಗೊತ್ತಿದ್ದರೆ ಎರಡು ಮೂರು ದಿನಗಳ ಯೋಜನೆ ಹಾಕುವುದು ಕಷ್ಟವಲ್ಲ.

ಹೆಚ್ಚಿನವರು ಮಾಡುವುದೇನು? ಮಠದಲ್ಲಿ ಕೃಷ್ಣದರ್ಶನ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ನಾಲ್ಕು ಫೋಟೊ, ವಾಪಸು. ದ್ವೀಪ ಚೆಂದವೇ, ತಕರಾರಿಲ್ಲ. ಆದರೆ ಈ ಜಿಲ್ಲೆಯಲ್ಲಿ ದೋಣಿಯ ನಿಜವಾದ ಸುಖ ಇರುವುದು ಕಡಲಿನಲ್ಲಿ ಅಲ್ಲ, ಹೊಳೆಗಳಲ್ಲಿ. ಸ್ವರ್ಣಾ, ಸೀತಾ, ವಾರಾಹಿ, ಸೌಪರ್ಣಿಕಾ ನದಿಗಳು ಘಟ್ಟ ಇಳಿದು ಬಂದು ಸಮುದ್ರದ ಹತ್ತಿರ ಸೋಮಾರಿಗಳಾಗಿ ಅಗಲವಾಗಿ ಹರಡಿಕೊಳ್ಳುತ್ತವೆ. ದ್ವೀಪಕ್ಕೆ ಅರ್ಧ ದಿನ ಕೊಟ್ಟು ಉಳಿದದ್ದನ್ನು ಅಲ್ಲಿಗೆ ಮೀಸಲಿಡಿ ಎನ್ನುವುದು ನನ್ನ ಸಲಹೆ.

ಕಾಲ ಯಾವುದು ಎಂದರೆ ನವೆಂಬರ್‌ನಿಂದ ಫೆಬ್ರುವರಿ. ಮಾರ್ಚ್, ಏಪ್ರಿಲ್‌ಗಳಲ್ಲಿಯೂ ದೋಣಿ ಓಡುತ್ತದೆ, ಆದರೆ ಹತ್ತು ಗಂಟೆಯ ನಂತರದ ಸೆಕೆ ಘಟ್ಟದ ಮೇಲಿನವರಿಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಮತ್ತೆ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ದ್ವಿತೀಯಾರ್ಧದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಆಗ ಹೋಟೆಲಿನ ತಟ್ಟೆಗೆ ಬರುವುದು ನಾಡದೋಣಿಯವರ ಮೀನು, ಹೊಳೆಮೀನು, ಇಲ್ಲವೇ ಬೇರೆಡೆಯಿಂದ ಐಸಿನಲ್ಲಿ ಬಂದದ್ದು. ಮಳೆ ನೋಡಲು ಹೋಗುವವರು ಧಾರಾಳವಾಗಿ ಹೋಗಬಹುದು, ದೋಣಿಯ ಆಸೆಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಕು.

ಬೆಂಗಳೂರಿನಿಂದ ಹೊರಡುವವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಅದು ಉಡುಪಿ ಮುಟ್ಟುವುದು ಬೆಳಕು ಹರಿಯುವ ಮೊದಲೇ. ಅಷ್ಟು ಬೇಗ ಇಳಿದು ಏನು ಮಾಡುವುದು ಎಂದು ಗೊಣಗುವವರಿಗೆ ನನ್ನಲ್ಲಿ ಉತ್ತರವಿದೆ: ನೇರವಾಗಿ ಮಲ್ಪೆ ಬಂದರಿಗೆ ಹೋಗಿ. ಉಡುಪಿಯಿಂದ ಮಲ್ಪೆಗೆ 6 ಕಿಲೋಮೀಟರ್ ಅಷ್ಟೇ. ಆಳಸಮುದ್ರದಲ್ಲಿ ದಿನಗಟ್ಟಲೆ ಇದ್ದು ಬಂದ ತ್ರಿಸೆವೆಂಟಿ ಎಂಬ ದೊಡ್ಡ ಟ್ರಾಲ್ ಬೋಟುಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿರುತ್ತದೆ. ಒಂದು ಕಡೆ ಏಲಂ, ಇನ್ನೊಂದು ಕಡೆ ಐಸ್ ಪುಡಿ ಮಾಡುವ ಸದ್ದು. ಸೊಂಟಕ್ಕೆ ಕೈ ಕೊಟ್ಟು ನಿಂತ ಮೀನು ಮಾರುವ ಹೆಂಗಸರ ಚೌಕಾಸಿಯ ಮುಂದೆ ನಿಮ್ಮ ಯಾವ ಬುದ್ಧಿವಂತಿಕೆಯೂ ನಡೆಯುವುದಿಲ್ಲ. ಬಿಳಿ ಪ್ಯಾಂಟು, ಹೊಸ ಶೂ ಬೇಡ. ನೆಲವೆಲ್ಲ ಮೀನಿನ ನೀರು. ದಾರಿಗೆ ಅಡ್ಡ ನಿಲ್ಲದೆ ಬದಿಯಲ್ಲಿ ನಿಂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ. ಫೋಟೊ ಹಿಡಿಯುವ ಮೊದಲು ಒಂದು ಮಾತು ಕೇಳಿ. ಯಾವ ಮೀನು ಇವತ್ತು ಹೆಚ್ಚು ಬಂದಿದೆ ಎಂದು ಗಮನಿಸಿಕೊಂಡಿರಿ, ಮಧ್ಯಾಹ್ನದ ಊಟಕ್ಕೆ ಉಪಯೋಗಕ್ಕೆ ಬರುತ್ತದೆ.

ದ್ವೀಪಕ್ಕೆ ಬೆಳಗಿನ ಮೊದಲ ದೋಣಿಗಳಲ್ಲಿಯೇ ಹೋಗಿಬಿಡಿ. ಬಿಸಿಲೇರಿದಂತೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಮಧ್ಯಾಹ್ನದ ನಂತರ ನೀರು ಒರಟಾಗುತ್ತದೆ. ಬಂದರಿನಿಂದ ಹೊರಡುವ ದೊಡ್ಡ ದೋಣಿ ಜನ ತುಂಬಿದ ಮೇಲೆಯೇ ಬಿಡುವುದು, ಆದ್ದರಿಂದ ವಾರದ ನಡುವಿನ ದಿನಗಳಲ್ಲಿ ಸ್ವಲ್ಪ ಕಾಯಬೇಕಾಗಬಹುದು. ಅಲೆಯ ಕುಲುಕಾಟಕ್ಕೆ ಹೆದರುವವರಿಗೆ, ವಯಸ್ಸಾದವರಿಗೆ ಅದೇ ಒಳ್ಳೆಯದು. ಬೀಚಿನಿಂದ ಹೊರಡುವ ಸ್ಪೀಡ್‌ಬೋಟ್ ಬೇಗ ಮುಟ್ಟಿಸುತ್ತದೆ. ಜೊತೆಗೆ ಬೆನ್ನುಮೂಳೆಯ ಪರೀಕ್ಷೆಯನ್ನೂ ಉಚಿತವಾಗಿ ಮಾಡುತ್ತದೆ. ಬೆನ್ನುನೋವಿನವರು ಅದಕ್ಕೆ ಹತ್ತಬೇಡಿ.

ದ್ವೀಪದ ಕಲ್ಲುಕಂಬಗಳನ್ನು ನಿಧಾನವಾಗಿ ನೋಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ಆರಿ ಕುಗ್ಗುವಾಗ ಸೀಳಿ ಆದ ಕಂಬಗಳು ಇವು. ಐದು, ಆರು, ಏಳು ಮೂಲೆಗಳು, ಹೆಚ್ಚಿನವು ಆರು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಬಂದವರಲ್ಲಿ ಬಹಳಷ್ಟು ಮಂದಿ ಇವುಗಳ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆಯೇ ಹೊರತು ಕಂಬವನ್ನು ನೋಡುವುದಿಲ್ಲ! ಪಾಚಿ ಹಿಡಿದ ಬಂಡೆ ಸೋಪಿಗಿಂತ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಕಾವಲಿನವರು ಸೀಟಿ ಊದಿದರೆ ಮುಖ ಸಿಂಡರಿಸದೆ ಹಿಂದೆ ಬನ್ನಿ. ನೆರಳು ಕಡಿಮೆ, ಆದ್ದರಿಂದ ಟೋಪಿ, ಕುಡಿಯುವ ನೀರು ಜೊತೆಗಿರಲಿ. ಖಾಲಿ ಬಾಟಲಿ ನಿಮ್ಮ ಜೊತೆಗೇ ಮರಳಿ ಬರಲಿ. ಒಂದು ಗಂಟೆ ಇದ್ದರೆ ಸಾಕು.

ಇನ್ನು ಹೊಳೆಗಳ ವಿಷಯ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ನಡೆಸುತ್ತಾರೆ. ಒಬ್ಬರು ಕೂರುವುದೂ ಇಬ್ಬರು ಕೂರುವುದೂ ಇವೆ. ಈಜು ಬಾರದವರಿಗೂ ಆಗುತ್ತದೆ, ಲೈಫ್ ಜಾಕೆಟ್ ಹಾಕಿಸಿಯೇ ಇಳಿಸುತ್ತಾರೆ, ಜೊತೆಗೆ ಒಬ್ಬರು ಬರುತ್ತಾರೆ. ಸೂರ್ಯೋದಯದ ಹೊತ್ತಿಗೆ ಬೇಡಿಕೆ ಜಾಸ್ತಿ, ಮೊದಲೇ ಹೇಳಿಡಬೇಕು. ಆದರೆ ಆಗಲೇ ಹೇಳಿದೆನಲ್ಲ, ಬೆಳಕಿಗಿಂತ ನೀರು ಮುಖ್ಯ. ನೀರು ತುಂಬುತ್ತಿರುವಾಗ ಹೋದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುದಾರಿಗಳಲ್ಲಿ ಒಳಗೊಳಗೆ ನುಸುಳಬಹುದು. ನೀರೇ ನಿಮ್ಮನ್ನು ಮೆಲ್ಲನೆ ತಳ್ಳುತ್ತದೆ, ತೋಳಿಗೂ ಕೆಲಸ ಕಡಿಮೆ. ಪೂರ್ತಿ ಇಳಿತದಲ್ಲಿ ಅದೇ ದಾರಿ ಕೆಸರಿನ ಗದ್ದೆ. ಕಯಾಕ್‌ನ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಒಳಗೆ ಹೋದ ಮೇಲೆ ಹುಟ್ಟು ಹಾಕುವುದನ್ನು ನಿಲ್ಲಿಸಿ ಸುಮ್ಮನಿರಿ. ಕಾಂಡ್ಲಾದ ಬೇರುಗಳು ಕಾಂಡದಿಂದಲೇ ಕಮಾನಾಗಿ ಇಳಿದು ಕೆಸರಿಗೆ ಊರಿಕೊಂಡಿರುತ್ತವೆ. ಅವುಗಳ ಮೇಲೆ ಉಬ್ಬರದ ಗುರುತು ಒಂದು ಗೆರೆ ಎಳೆದ ಹಾಗೆ ಇರುತ್ತದೆ, ಕೆಳಗೆ ಕಪ್ಪು, ಮೇಲೆ ಬೂದು. ಉಗುರಿನಷ್ಟು ದೊಡ್ಡ ಏಡಿಗಳು ಆ ಬೇರಿನ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಸರನೆ ಜಾರಿಕೊಳ್ಳುತ್ತವೆ. ನಿಮ್ಮ ನೆರಳು ಬಿದ್ದರೆ ಒಂದೂ ಕಾಣುವುದಿಲ್ಲ. ಎಳೆ ನುಗ್ಗೆಕಾಯಿಯ ಹಾಗೆ ಜೋತಾಡುವುದು ಕಾಯಿಯಲ್ಲ, ಮರದಲ್ಲಿರುವಾಗಲೇ ಮೊಳೆತ ಸಸಿ. ಹಣ್ಣಾದ ಮೇಲೆ ಉದುರಿ ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿ ಹೋಗಿ ಬೇರೆಲ್ಲೋ ಬೇರೂರುತ್ತದೆ. ಮೊಬೈಲನ್ನು ನೀರು ಹೋಗದ ಚೀಲಕ್ಕೆ ಹಾಕಿ ಕುತ್ತಿಗೆಗೆ ಕಟ್ಟಿಕೊಳ್ಳಿ. ಹಾಕಿದ ಬಟ್ಟೆ ಒದ್ದೆಯಾಗುವುದು ಖಾತ್ರಿ, ಕಾರಿನಲ್ಲಿ ಇನ್ನೊಂದು ಜೊತೆ ಇಟ್ಟಿರಿ.

ದೊಡ್ಡ ದೋಣಿಯಲ್ಲಿ ಕುಟುಂಬವೆಲ್ಲ ಕುಳಿತು ಹೋಗಬೇಕೆಂದಿದ್ದರೆ ಕೋಡಿಬೆಂಗ್ರೆಗೆ ಬನ್ನಿ. ಮಲ್ಪೆಯಿಂದ ಹೂಡೆಯ ಮೇಲೆ ಉತ್ತರಕ್ಕೆ ಹೋಗುವ ರಸ್ತೆಯೇ ಒಂದು ಪ್ರವಾಸ. ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ತೆಂಗು, ಮನೆ, ಒಣಗಲು ಹಾಕಿದ ಬಲೆ. ಹೋಗುತ್ತ ಹೋಗುತ್ತ ನೆಲ ಸಪೂರವಾಗಿ ಕೊನೆಗೆ ಮುಗಿದೇ ಹೋಗುತ್ತದೆ. ಅಲ್ಲಿ ಸ್ವರ್ಣಾ, ಸೀತಾ ನದಿಗಳು ಒಟ್ಟಾಗಿ ಕಡಲು ಸೇರುತ್ತವೆ. ಡೆಲ್ಟಾ ಬೀಚ್ ಎಂದು ಈಗಿನವರು ಕರೆಯುವುದು ಇದನ್ನೇ. ಎದುರಿನ ದಡ ಹಂಗಾರಕಟ್ಟೆ.

ಇಲ್ಲಿ ಹೊಳೆಯಲ್ಲಿ ತಾಸು ಎರಡು ತಾಸು ಸುತ್ತಿಸುವ ದೋಣಿಗಳಿವೆ, ರಾತ್ರಿ ಉಳಿಯುವ ದೋಣಿಮನೆಗಳೂ ಇವೆ. ಅಲಪ್ಪುಳವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರಿಗೆ ಸಂಖ್ಯೆ ಕಡಿಮೆ, ವೈಭವ ಕಡಿಮೆ ಅನ್ನಿಸೀತು. ನನಗೆ ಇಷ್ಟವಾದದ್ದು ಅದೇ. ಒಂದು ದೋಣಿಯ ಡೀಸೆಲ್ ಹೊಗೆ ಇನ್ನೊಂದರ ಊಟದ ಮೇಜಿಗೆ ಬರುವುದಿಲ್ಲ. ದೋಣಿಮನೆ ಕತ್ತಲಾದ ಮೇಲೆ ದಡಕ್ಕೆ ಕಟ್ಟಿಕೊಂಡೇ ಇರುತ್ತದೆ, ರಾತ್ರಿಯಿಡೀ ತೇಲುತ್ತದೆ ಎಂದು ಭಾವಿಸಬೇಡಿ. ಆ ಲೆಕ್ಕದಲ್ಲಿ ಸಂಜೆಯ ಸುತ್ತಾಟ ಮುಗಿಸಿ ದಡದ ಹೋಮ್‌ಸ್ಟೇಯಲ್ಲಿ ಮಲಗುವುದೇ ಲಾಭ.

ಹೊರಡುವ ಮೊದಲು ಮೂರು ಮಾತು ಕೇಳಿಕೊಳ್ಳಿ: ದರ ತಲೆಗೆ ಎಷ್ಟೋ ದೋಣಿಗೆ ಎಷ್ಟೋ, ಎಷ್ಟು ಹೊತ್ತು, ಕುದ್ರುಗಳ (ಹೊಳೆಯ ನಡುಗಡ್ಡೆಗಳ) ಕಡೆಗೆ ಹೋಗುತ್ತದೋ ಅಳಿವೆಯ ಕಡೆಗೋ. ಅಳಿವೆಬಾಯಿಗೆ ಹತ್ತಿರ ಹೋಗೋಣ ಎಂದು ಒತ್ತಾಯಿಸಬೇಡಿ. ಇಳಿತದ ನೀರು ರಭಸದಿಂದ ಹೊರಗೆ ನುಗ್ಗುವಾಗ ಎದುರಿನಿಂದ ಕಡಲಿನ ಅಲೆ ಬಂದರೆ ಅಲ್ಲಿ ನೀರು ಗೋಡೆಯಾಗಿ ಎದ್ದು ನಿಲ್ಲುತ್ತದೆ. ಅನುಭವಿ ಮೀನುಗಾರರೂ ಹೊತ್ತು ನೋಡಿ ದಾಟುವ ಜಾಗ ಅದು. ದೋಣಿಯವರು ಬೇಡ ಎಂದರೆ ಬೇಡ. ಕುದ್ರುಗಳ ಕಡೆಗೇ ಹೋಗಿ. ನಡುಗಡ್ಡೆಯ ಮನೆಗಳ ಮುಂದೆ ಸ್ಕೂಟರ್ ಬದಲು ಸಣ್ಣ ದೋಣಿ ಕಟ್ಟಿರುವುದನ್ನು ಮಕ್ಕಳಿಗೆ ತೋರಿಸಿ. ಕೆಮ್ಮಣ್ಣಿನ ತೂಗುಸೇತುವೆ ಇದೇ ದಾರಿಯಲ್ಲಿ ಸಿಗುತ್ತದೆ. ಹತ್ತು ನಿಮಿಷದ ನೋಟ, ಅದರ ಮೇಲೆ ಕುಣಿದಾಡುವ ಯುವಕರನ್ನು ಸಹಿಸುವುದು ನಿಮ್ಮ ತಾಳ್ಮೆಗೆ ಬಿಟ್ಟದ್ದು.

ಇನ್ನೊಂದು ದಿನ ಕೈಯಲ್ಲಿದ್ದರೆ ಕುಂದಾಪುರ. ಪಂಚಗಂಗಾವಳಿ ಇಲ್ಲಿ ಎಷ್ಟು ಅಗಲವೆಂದರೆ ಹೊಳೆಯೋ ಸರೋವರವೋ ತಿಳಿಯುವುದಿಲ್ಲ. ಎದುರಿನ ಗಂಗೊಳ್ಳಿ ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತದೆ, ರಸ್ತೆಯಲ್ಲಿ ಮಾತ್ರ ತ್ರಾಸಿಯನ್ನು ಸುತ್ತಿ ಬರಬೇಕು. ಉಪ್ಪಿನಕುದ್ರುವಿಗೆ ಹೋದರೆ ಯಕ್ಷಗಾನ ಗೊಂಬೆಯಾಟದ ಮನೆತನದ ಊರನ್ನು ನೋಡಿದಂತೆಯೂ ಆಯಿತು. ಮುಂದೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನೋಡಿ, ನೀರಿಗೆ ಇಳಿಯಬೇಡಿ.

ಈಗ ಊಟ. ನೀರಿನಂಚಿನ ಮೇಜು ಮತ್ತು ರುಚಿಯ ಊಟ ಈ ಕರಾವಳಿಯಲ್ಲಿ ಒಂದೇ ಜಾಗದಲ್ಲಿ ಸಿಗುವುದು ಅಪರೂಪ ಎಂದು ಮೊದಲೇ ಒಪ್ಪಿಕೊಂಡರೆ ನೆಮ್ಮದಿ. ಮರಳಿನ ಮೇಲೆ ದೀಪ ತೂಗಿಹಾಕಿದ ಕಡೆ ಗೋಬಿ ಮಂಚೂರಿ, ಫ್ರೈಡ್ ರೈಸ್ ಹಾಕಿದ ಮೆನು ಕಂಡರೆ ಅಲ್ಲಿ ಚಹಾ ಕುಡಿದು ಸೂರ್ಯಾಸ್ತ ನೋಡಿ ಎದ್ದು ಬನ್ನಿ. ಊಟಕ್ಕೆ ಹುಡುಕಬೇಕಾದದ್ದು ಮಧ್ಯಾಹ್ನ ಹನ್ನೆರಡೂವರೆಗೆ ಬಂದರಿನವರು, ಬ್ಯಾಂಕಿನವರು, ಲಾರಿಯವರು ಒಟ್ಟಿಗೆ ಕುಳಿತು ಉಣ್ಣುವ ಸಣ್ಣ ಹೋಟೆಲ್. ಎರಡು ಗಂಟೆಯ ನಂತರ ಹೋದರೆ ಒಳ್ಳೆಯ ಮೀನು ಖಾಲಿಯಾಗಿರುತ್ತದೆ. ಮೆನು ಕೇಳಬೇಡಿ, "ಇವತ್ತು ಯಾವ ಮೀನು ಚೆನ್ನಾಗಿದೆ?" ಎಂದು ಕೇಳಿ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ ಬರುತ್ತದೆ. ಫ್ರೈ ಬೇರೆಯಾಗಿ ಹೇಳಬೇಕು. ಕಾಣೆಯನ್ನು ರವೆ ಹಚ್ಚಿಸಿ, ಅಂಜಲನ್ನು ತವಾದಲ್ಲಿ, ಬಂಗುಡೆಯನ್ನು ಹುಳಿಖಾರದ ಪುಳಿಮುಂಚಿಯಲ್ಲಿ ತಿನ್ನಬೇಕು ಎನ್ನುವುದು ನನ್ನ ಮತ. ಅಂಜಲ್, ಮಾಂಜಿ ಮೀನುಗಳ ದರ ದಿನದಿನಕ್ಕೆ ಬದಲಾಗುತ್ತದೆ, ತುಂಡಿಗೆ ಎಷ್ಟು ಎಂದು ಮೊದಲೇ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಮರುವಾಯಿ (ಹೊಳೆಯ ಚಿಪ್ಪುಮೀನು) ಸುಕ್ಕ ಸಿಕ್ಕರೆ ನೀರುದೋಸೆಯ ಜೊತೆ ಬಿಡಬೇಡಿ. ನಿಮ್ಮ ದೋಣಿ ಹೊರಡಲಾಗದ ಇಳಿತದ ಹೊತ್ತಿನಲ್ಲಿಯೇ ಜನ ಸೊಂಟಮಟ್ಟದ ನೀರಿನಲ್ಲಿ ನಿಂತು ಹೊಳೆಯ ಮರಳಿನಿಂದ ಮರುವಾಯಿ ಎತ್ತುವುದು.

ಕುಂದಾಪುರಕ್ಕೆ ಹೋದವರು ಶೆಟ್ಟಿ ಲಂಚ್ ಹೋಮ್‌ನ ಕೋಳಿ ಘೀ ರೋಸ್ಟ್ ತಿನ್ನದೆ ಬರುವುದುಂಟೇ? ಆ ತಿನಿಸಿನ ತವರೆಂದೇ ಅದು ಪ್ರಸಿದ್ಧ. ಸಸ್ಯಾಹಾರಿಗಳು ಕಡಲತೀರದಲ್ಲಿ ಊಟ ಹುಡುಕಿ ಬೇಸರಪಡುವ ಬದಲು ಉಡುಪಿಯ ರಥಬೀದಿಯ ಸುತ್ತಮುತ್ತ ಉಂಡು ಸಂಜೆಗೆ ನೀರಿನ ಕಡೆ ಬಂದರೆ ಒಳ್ಳೆಯದು. ಚಳಿಗಾಲದಲ್ಲಿ ಬಂದರೆ ಮಟ್ಟುಗುಳ್ಳದ ಹುಳಿ ಸಿಗುತ್ತದೋ ವಿಚಾರಿಸಿ. ಭೌಗೋಳಿಕ ಮಾನ್ಯತೆ ಪಡೆದ ಈ ಬದನೆ ಬೆಳೆಯುವ ಮಟ್ಟು ಗ್ರಾಮವೂ ಹಿನ್ನೀರಿನ ಪಕ್ಕದಲ್ಲಿಯೇ ಇದೆ. ಮಲ್ಪೆಯಿಂದ ಪಡುಕೆರೆ, ಮಟ್ಟು ದಾಟಿ ಕಾಪು ದೀಪಸ್ತಂಭದವರೆಗೆ ತೀರದ ರಸ್ತೆಯಲ್ಲಿ ಬಂದರೆ ಒಂದು ಸಂಜೆ ಸಾರ್ಥಕ. 1901ರ ಆ ದೀಪಸ್ತಂಭಕ್ಕೆ ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ, ತಡಮಾಡಬೇಡಿ.

ದೋಣಿಯಲ್ಲಿ ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲೂ ಹೋಗಬಾರದು, ಬನ್ಸ್, ಗೋಳಿಬಜೆ ಬಿಗಿದೂ ಹೋಗಬಾರದು. ಎರಡು ಇಡ್ಲಿ ಸಾಕು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ನೋಡಿಯೇ ಹತ್ತಿಸಿ. ದೊಡ್ಡವರದ್ದನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಉಳಿದು ಮಗು ಕೆಳಗೆ ಜಾರುತ್ತದೆ. ಚಿಲ್ಲರೆ ನಗದು ಇರಲಿ, ಹೊಳೆಯ ಮಧ್ಯದಲ್ಲಿ ಯುಪಿಐ ಕೈಕೊಡಬಹುದು. ಊರಿಗೆ ಒಣಮೀನು ಕೊಂಡೊಯ್ಯುವವರು ಅಂಗಡಿಯವರಿಂದ ಮೂರು ಪದರ ಕಟ್ಟಿಸಿಕೊಳ್ಳಿ, ಅದರ ಮೇಲೆ ನಿಮ್ಮದೂ ಒಂದು ಚೀಲ ಸುತ್ತಿ. ರಾತ್ರಿಯ ರೈಲಿನ ಏಸಿ ಬೋಗಿಯಲ್ಲಿ ಪಕ್ಕದವರು ಟಿಟಿಇಯನ್ನು ಕರೆಯುವ ಪ್ರಮೇಯ ಬರಬಾರದು.