ಲಕ್ವದ ನಂತರದ ನಡಿಗೆಗೆ ತಾಳ

ಲಕ್ವ ಹೊಡೆದವರ ಹಾಸಿಗೆಯ ಪಕ್ಕದಲ್ಲಿ ದಿನವಿಡೀ ಭಕ್ತಿಗೀತೆ ಹಚ್ಚಿಡುವುದನ್ನು ರಾಯಚೂರು, ಮಾನ್ವಿ ಕಡೆಯ ಮನೆಗಳಲ್ಲಿ ಆಗಾಗ ಕಾಣುತ್ತೇನೆ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಬೇಡವೆನ್ನಲಾರೆ. ಆದರೆ ನಡಿಗೆಯನ್ನು ಮರಳಿ ಕಲಿಸಬೇಕಾದರೆ ತಾಳವನ್ನು ರೋಗಿಯ ಹೆಜ್ಜೆಗೆ ಅಳೆದು ಹೊಂದಿಸಲೇಬೇಕು ಎಂದು ಫಿಸಿಯೋಥೆರಪಿ ಮಾಡುವ ನಾನು ಪ್ರತಿ ಮನೆಯಲ್ಲೂ ಒತ್ತಿ ಹೇಳುತ್ತೇನೆ.

ಅಮೆರಿಕದ ಕೊಲರಾಡೋದಲ್ಲಿ ಮೈಕೆಲ್ ಥೌಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪಾರ್ಶ್ವವಾಯು ಹಾಗೂ ಪಾರ್ಕಿನ್ಸನ್ ರೋಗಿಗಳೊಂದಿಗೆ ನಡೆಸಿದ ಅಧ್ಯಯನಗಳಲ್ಲಿ, ಸಮನಾದ ತಾಳಕ್ಕೆ ನಡೆದು ಅಭ್ಯಾಸ ಮಾಡಿದವರ ವೇಗವೂ ಹೆಜ್ಜೆಯ ಉದ್ದವೂ ಹೆಚ್ಚಿದ್ದು ಕಂಡುಬಂತು. ಮೆದುಳಿನಲ್ಲಿ ಶ್ರವಣದ ಭಾಗಗಳಿಗೂ ಚಲನೆಯ ಭಾಗಗಳಿಗೂ ನಿಕಟ ಸಂಪರ್ಕವಿದೆ. ತಾಳ ಒಂದೇ ಸಮನಾಗಿದ್ದರೆ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಮೆದುಳು ಮೊದಲೇ ಅಂದಾಜಿಸಿ ಕಾಲಿನ ಸ್ನಾಯುಗಳನ್ನು ಆ ಹೊತ್ತಿಗೆ ಸಜ್ಜುಗೊಳಿಸುತ್ತದೆ.

ಮೊದಲು ತಾಳವಿಲ್ಲದೆ ನಡೆಸಿ, ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತವೆಂದು ಎಣಿಸುತ್ತೇವೆ. ಅದು 60 ಇದ್ದರೆ ತಾಳವೂ 60. ಕಾಲು ಅದಕ್ಕೆ ಒಗ್ಗಿದ ಮೇಲೆಯೇ ನೂರಕ್ಕೆ 5ರಿಂದ 10ರಷ್ಟು, ಅಂದರೆ 63 ಅಥವಾ 66ರವರೆಗೆ ಏರಿಸುತ್ತೇವೆ. ಕೊನೆಗೆ ತಾಳವನ್ನು ತೆಗೆದು ನಡೆಸುತ್ತೇವೆ. ಬಲಹೀನ ಬದಿಯಲ್ಲಿ ಒಬ್ಬರು ಜೊತೆಗಿರಲೇಬೇಕು.

ಭಜನಾ ಮೇಳದಲ್ಲಿ ಹಾಡುತ್ತಿದ್ದ ಹಿರಿಯರೊಬ್ಬರಿಗೆ ಅವರ ಮಗಳೇ ಪಡಸಾಲೆಯಲ್ಲಿ ತಾಳ ಬಾರಿಸುತ್ತಿದ್ದಳು. ನಮ್ಮ ಭಜನೆ ಕೊನೆಕೊನೆಗೆ ಬಿರುಸಾಗುವಂಥದ್ದು. ಅವಳ ಕೈಯೂ ಅರಿವಿಲ್ಲದೆ ಬಿರುಸಾಗಿ, ಅವರ ಬಲಗಾಲಿನ ಹೆಬ್ಬೆರಳು ಪರಸಿಯ ಸಂದಿಗೆ ತಾಗಿ ಎಡವುವಂತಾಯಿತು. ಅಂದಿನಿಂದ ಒಂದೇ ಸಮನಾಗಿ ಟಿಕ್‌ಟಿಕ್ ಎನ್ನುವ ಮೊಬೈಲಿನ ಮೆಟ್ರೋನೋಮ್ ಹಚ್ಚಿಕೊಂಡು, ಅದರ ಸದ್ದಿಗೆ ಸರಿಯಾಗಿ ಬಾರಿಸುವುದನ್ನು ಅವಳು ರೂಢಿಸಿಕೊಂಡಳು. ಪರಿಚಿತ ತಾಳದ ನಾದಕ್ಕೆ ಅವರ ಮುಖದಲ್ಲಿ ಮೂಡುತ್ತಿದ್ದ ಉತ್ಸಾಹ ಬರೀ ಮೊಬೈಲಿನ ಟಿಕ್‌ಟಿಕ್‌ಗೆ ಎಂದೂ ಮೂಡಲಿಲ್ಲವಾದ್ದರಿಂದ, ಎರಡನ್ನೂ ಕೂಡಿಸಿದ್ದೇ ಸರಿಯೆಂದು ನನಗನಿಸಿತು.

ಅವರಿಗೆ ಮಾತೂ ಹೋಗಿತ್ತು. ದಾಸರ ಪದವೊಂದನ್ನು ಪಲ್ಲವಿಯಿಂದ ಅಂಕಿತದವರೆಗೆ ಹಾಡುತ್ತಿದ್ದರು, ನೀರು ಕೇಳಲು ಬಾಯಿ ಬರುತ್ತಿರಲಿಲ್ಲ. ಬಾಯಿಪಾಠವಾದ ಹಾಡು ಎಷ್ಟು ಸಲ ಹಾಡಿದರೂ ತಾನಾಗಿ ಮಾತಾಗುವುದಿಲ್ಲ. 1973ರಲ್ಲಿ ಬಾಸ್ಟನ್ನಿನ ಆಲ್ಬರ್ಟ್, ಸ್ಪಾರ್ಕ್ಸ್ ಮತ್ತು ಹೆಲ್ಮ್ ವಿವರಿಸಿದ ಚಿಕಿತ್ಸೆಯಲ್ಲಿ ದಿನಬಳಕೆಯ ಮಾತನ್ನೇ ರಾಗವಾಗಿ ಎಳೆದು, ಅಕ್ಷರಕ್ಕೊಂದರಂತೆ ಎಡಗೈಯಿಂದ ತಟ್ಟುತ್ತ ಹೇಳಿಸುತ್ತಾರೆ. ನಂತರ ರಾಗವನ್ನು ಹಂತಹಂತವಾಗಿ ಕಡಿಮೆ ಮಾಡಿ ಸಹಜ ಮಾತಿಗೆ ತರುತ್ತಾರೆ. ವಾಕ್ ಚಿಕಿತ್ಸಕರ ಮಾರ್ಗದರ್ಶನದಲ್ಲಿ ನಾವು ಮೊದಲು ಆರಿಸಿದ್ದು 'ನೀರು ಕೊಡವ್ವ' ಎಂಬುದನ್ನು. ಎರಡನೆಯದನ್ನು ಮಗಳು ಆರಿಸಿದಳು: ಅವಳ ಹೆಸರು.