ದ್ರಾಸ್‌ನಲ್ಲಿ ಓದಿದ ಒಂದು ಪತ್ರ

ಶ್ರೀನಗರ, ದಾಲ್ ಸರೋವರ, ಸೋನಮಾರ್ಗ್ ಎಲ್ಲ ಚೆನ್ನಾಗಿತ್ತು. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಜೊಜಿಲಾ ಕಣಿವೆ ದಾರಿ ದಾಟಿದ ಮೇಲೆ ಸಿಗುವ ದ್ರಾಸ್‌ಗಾಗಿ.

ಕಾರ್ಗಿಲ್ ಯುದ್ಧ ಸ್ಮಾರಕ ಇರುವುದು ಹೆದ್ದಾರಿ ಪಕ್ಕದಲ್ಲೇ, ತೊಲೊಲಿಂಗ್ ಬೆಟ್ಟದ ಬುಡದಲ್ಲಿ. ಗಾಡಿಯಿಂದ ಇಳಿಸುವಾಗಲೇ ಡ್ರೈವರ್ "ಅರ್ಧ ಗಂಟೆ, ಅಷ್ಟೇ" ಅಂದುಬಿಟ್ಟ. ಪ್ಯಾಕೇಜ್ ಮಾಡಿಕೊಟ್ಟವರು ಹೇಳಿದ್ದು ಅರ್ಧ ದಿನ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ನೀವು ಹೋಗುವುದಾದರೆ ಅವತ್ತು ರಾತ್ರಿ ದ್ರಾಸ್ ಅಥವಾ ಕಾರ್ಗಿಲ್‌ನಲ್ಲೇ ಉಳಿಯುವ ಹಾಗೆ ನೋಡಿಕೊಳ್ಳಿ. ಅದನ್ನು ಡ್ರೈವರ್‌ಗೂ ಮೊದಲೇ ಹೇಳಿಬಿಡಿ.

ಜನ ಜಾಸ್ತಿ ಸೇರಿದ್ದು ಬೊಫೋರ್ಸ್ ತೋಪಿನ ಹತ್ತಿರ, ಫೋಟೋಗೆ. ನನಗೆ ಮುಖ್ಯ ಅನ್ನಿಸಿದ್ದು ಒಳಗಿನ ಗ್ಯಾಲರಿ. ಅಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಮನೆಗೆ ಬರೆದ ಕೊನೆಯ ಪತ್ರ ಇದೆ.

ವಿಜಯಂತ್ ಹುಟ್ಟಿದ್ದು 1976ರ ಡಿಸೆಂಬರ್ 26ರಂದು. ಸೈನಿಕರ ಮನೆತನ. ಸೇನೆಯ ವಿಜಯಂತ ಟ್ಯಾಂಕಿನ ಹೆಸರನ್ನೇ ಮಗುವಿಗೆ ಇಟ್ಟರು. 1998ರ ಡಿಸೆಂಬರ್‌ನಲ್ಲಿ ಸೇನೆಯ 2 ರಜಪೂತಾನಾ ರೈಫಲ್ಸ್ ಪಲ್ಟನ್ ಸೇರಿದ. 1999ರ ಜೂನ್ 29ರಂದು ಕಾರ್ಗಿಲ್ ಯುದ್ಧದಲ್ಲಿ ಹೋಗಿಬಿಟ್ಟ. ಅಧಿಕಾರಿಯಾಗಿ ಏಳು ತಿಂಗಳೂ ತುಂಬಿರಲಿಲ್ಲ. ವಯಸ್ಸು 22, ನನ್ನ ಮಗನಷ್ಟೇ.

ಹೊರಗೆ ಬಂದು ಬೆಟ್ಟ ನೋಡುತ್ತಾ ನಿಂತಿದ್ದೆ. ನಾವು ಮಾತಾಡುತ್ತಿದ್ದದ್ದು ಕೇಳಿ ಡ್ಯೂಟಿಯಲ್ಲಿದ್ದ ಜವಾನನೊಬ್ಬ ಹತ್ತಿರ ಬಂದ. ಬಾಗಲಕೋಟೆ ಕಡೆಯ ಹುಡುಗ.

"ಅಕ್ಕಾರ, ಪತ್ರ ಓದಿದ್ರೇನ್ರಿ?"

ಓದಿದೆ ಅಂದೆ. ಅವನು ತೊಲೊಲಿಂಗ್ ಕಡೆ ಕೈ ಮಾಡಿದ.

"ಜೂನ್ 13ಕ್ಕ ಇದನ್ನ ಗೆದ್ದಿದ್ದು ಇವರ ಪಲ್ಟನ್ನರಿ. ಅದಾಗಿ ಎರಡ ವಾರಕ್ಕ ಥ್ರೀ ಪಿಂಪಲ್ಸ್ ಅಂತ ಇನ್ನೊಂದ ಜಾಗಾಕ್ಕ ಹೋದ್ರು. ಅಲ್ಲಿ ನಾಲ್ ಅನ್ನೂ ಗುಡ್ಡದ ಮ್ಯಾಲ ದಾಳಿ. ಅವತ್ತ ಹುಣ್ಣಿವಿರಿ."

"ಬೆಳಕಿದ್ದರೆ ದಾರಿ ಕಾಣುತ್ತೆ ಅಲ್ವಾ?" ಅಂದೆ.

"ನಮಗೂ ಕಾಣತದ, ಮ್ಯಾಲ ಮಷೀನ್ ಗನ್ ಹಿಡಕೊಂಡ ಕುಂತಾವಗೂ ಕಾಣತದ. ಗುಡ್ಡ ನೋಡ್ರಿ, ಮರೀಗೆ ಒಂದ್ ಗಿಡ ಐತೇನ್ ಅಲ್ಲೆ?"

ಇರಲಿಲ್ಲ. ಬರೀ ಕಲ್ಲು, ಜಾರುವ ಪುಡಿಮಣ್ಣು. ಆ ರಾತ್ರಿ ವಿಜಯಂತ್ ಇದ್ದ ತುಕಡಿಯ ಮುಂದಾಳು ಮೇಜರ್ ಪದ್ಮಪಾಣಿ ಆಚಾರ್ಯ ಕೂಡ ಸತ್ತರು. ವಿಜಯಂತ್‌ಗೆ ಸಿಕ್ಕಿದ್ದು ವೀರ ಚಕ್ರ, ಮರಣೋತ್ತರ.

ಹತ್ತುವ ಮುಂಚೆ ಬರೆದ ಪತ್ರ ಅದು. ನನ್ನ ದೇಹದ ಯಾವ ಭಾಗ ಉಪಯೋಗಕ್ಕೆ ಬಂದರೂ ತೆಗೆದುಕೊಳ್ಳಿ ಅನ್ನುತ್ತಾನೆ. ಅನಾಥಾಶ್ರಮಕ್ಕೆ ಸ್ವಲ್ಪ ದುಡ್ಡು ಕೊಡಿ ಅನ್ನುತ್ತಾನೆ. ಆಮೇಲೆ ಒಂದು ಹುಡುಗಿಯ ಹೆಸರು ಬರೆದು, ಅವಳಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ಮುಂದುವರಿಸಿ ಅನ್ನುತ್ತಾನೆ. ನಾನು ಮುಂದಕ್ಕೆ ಹೋಗಲಾಗದೆ ನಿಂತಿದ್ದು ಅಲ್ಲೇ. ಕುಪ್ವಾರದಲ್ಲಿ ಪರಿಚಯವಾದ ಪುಟ್ಟ ಹುಡುಗಿ ಅವಳು. ಉಗ್ರರು ಕಣ್ಣೆದುರೇ ಅಪ್ಪನನ್ನು ಕೊಂದ ಮೇಲೆ ಮಾತೇ ನಿಂತುಹೋಗಿತ್ತು. ವಿಜಯಂತ್ ಹೋಗಿ ಹೋಗಿ ಚಾಕೊಲೇಟ್ ಕೊಟ್ಟು ಆಡಿಸುತ್ತಿದ್ದ. ನಿಧಾನವಾಗಿ ಮಾತಾಡಲು ಶುರು ಮಾಡಿದಳಂತೆ. ಸಾಯಬಹುದು ಅಂತ ಗೊತ್ತಿದ್ದೂ ಆ ತಿಂಗಳ ಐವತ್ತು ರೂಪಾಯಿ ತಪ್ಪಬಾರದು ಅಂತ ಯೋಚಿಸಿದ್ದ. ಶೌರ್ಯದ ಮಾತು ಬೇಕಾದಷ್ಟು ಕೇಳಿದ್ದೇನೆ. ಈ ಹುಡುಗನ ಮೇಲೆ ನನಗೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಮಾತ್ರ ಆ ಒಂದು ಸಾಲಿನಿಂದ.

ನಾಳೆ ನೀವು ಚೆನ್ನಾಗಿರಲಿ ಅಂತ ಸೇನೆ ಎಲ್ಲಿ ಹೋರಾಡಿತು, ಸಾಧ್ಯವಾದರೆ ಬಂದು ನೋಡಿ ಅಂತಲೂ ಬರೆದಿದ್ದಾನೆ. ತಂದೆ ಕರ್ನಲ್ ವಿ. ಎನ್. ಥಾಪರ್ ಮತ್ತೆ ಮತ್ತೆ ದ್ರಾಸ್‌ಗೆ ಬಂದರು. ವಯಸ್ಸಾದ ಮೇಲೂ ಮಗ ಬಿದ್ದ ಜಾಗದವರೆಗೆ ಆ ಬೆಟ್ಟ ಹತ್ತಿದರು. ಕುಪ್ವಾರದ ಹುಡುಗಿಯನ್ನೂ ಮರೆಯಲಿಲ್ಲ.